ಹೈಟಿಯ ಸಾಂಸ್ಕೃತಿಕ ರಾಷ್ಟ್ರೀಯತೆಯ ಮೂಲಗಳು ಮತ್ತು ಕ್ರಿಯೋಲ್ ನುಡಿಯ ಪ್ರಶ್ನೆ

ಚಾರ್ಲ್ಸ್ ಫರ್ಗ್ಯೂಸನ್ 1959ರಲ್ಲಿ ಡೈಗ್ಲಾಸಿಯ ಕುರಿತು ಪ್ರಕಟಿಸಿದ ಲೇಖನವನ್ನು ಓದಿಸದೆ ನಮ್ಮಲ್ಲಿ ಸಮಾಜಭಾಷಾವಿಜ್ಞಾನದ ಪಾಠ ಮುಂದೆ ಸಾಗುವುದಿಲ್ಲ. ಅರಬ್ಬೀ, ಆಧುನಿಕ ಗ್ರೀಕ್, ಸ್ವಿಸ್ ಜರ್ಮನ್‌ಗಳೊಡನೆ ಅವರು ಎತ್ತಿಕೊಂಡ ನಾಲ್ಕನೆಯ ನಿದರ್ಶನ ಹೈಟಿ. ಮೇಲಿನ ಸ್ತರದಲ್ಲಿ ಫ್ರೆಂಚ್, ಕೆಳಗಿನ ಸ್ತರದಲ್ಲಿ ಕ್ರಿಯೋಲ್. ಗ್ರಾಂಥಿಕ ಕನ್ನಡಕ್ಕೂ ಆಡುಗನ್ನಡಕ್ಕೂ ಇರುವ ಅಂತರವನ್ನು ವಿವರಿಸುವಾಗ ನಾವೂ ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತೇವೆ, ಬರೆದು ಮುಂದಕ್ಕೆ ಹೋಗುತ್ತೇವೆ. ಹೈಟಿಯ ಬಹುಪಾಲು ಜನರಿಗೆ ಫ್ರೆಂಚ್ ಬಾರದಿರುವಾಗ ಇಡೀ ಸಮಾಜವನ್ನು ಡೈಗ್ಲಾಸಿಯದ ಚೌಕಟ್ಟಿನಲ್ಲಿ ಇಡಬಹುದೆ ಎಂದು ಈವ್ ದೆಜಾಂ ಅವರಂತಹ ಹೈಟಿಯ ಭಾಷಾವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ಸಾಧುವಾದುದೆಂದೇ ನನ್ನ ಅಭಿಪ್ರಾಯ. ಆದರೆ ಪ್ರಸ್ತುತ ಲೇಖನದ ಪ್ರಶ್ನೆ ಅದಕ್ಕಿಂತ ಹಿಂದಿನದು. ‘ಮೇಲು’, ‘ಕೆಳಗು’ ಎಂಬ ಈ ಎಣಿಕೆಯನ್ನು ಅಲುಗಿಸಬೇಕಾಗಿದ್ದವರು ಇಪ್ಪತ್ತನೆಯ ಶತಮಾನದ ಹೈಟಿಯ ಸಾಂಸ್ಕೃತಿಕ ರಾಷ್ಟ್ರೀಯತಾವಾದಿಗಳು. ಜನಪದದ ಕಥೆ, ನಂಬಿಕೆ, ಕುಣಿತಗಳನ್ನು ರಾಷ್ಟ್ರದ ಆಸ್ತಿಯೆಂದು ಅವರು ಸಾರಿದರು. ಸಾರಿದ್ದು ಮಾತ್ರ ಫ್ರೆಂಚಿನಲ್ಲಿ. ಹೀಗೇಕಾಯಿತು?

ರೂಢಿಯ ಸಾಹಿತ್ಯಚರಿತ್ರೆಗಳು ಈ ರಾಷ್ಟ್ರೀಯತೆಯ ಹುಟ್ಟನ್ನು 1915ರ ಅಮೆರಿಕನ್ ಆಕ್ರಮಣಕ್ಕೆ ಗಂಟುಹಾಕುತ್ತವೆ. ಪರಕೀಯರು ಬಂದರು, ಸುಶಿಕ್ಷಿತರು ಎಚ್ಚೆತ್ತರು, 1928ರಲ್ಲಿ ಜ್ಯಾಂ ಪ್ರೈಸ್-ಮಾರ್ಸ್ ಅವರ ಗ್ರಂಥ ಹೊರಬಂದಿತು ಎಂಬುದು ಆ ಕಥನದ ಕ್ರಮ. ಇದು ಸುಳ್ಳಲ್ಲ. ಆದರೆ ನುಡಿಯ ನೆಲೆಯಿಂದ ನೋಡಿದಾಗ ಈ ಕ್ರಮ ಹಲವು ಸಂಗತಿಗಳನ್ನು ಮರೆಮಾಡುತ್ತದೆ.

ಸ್ವಾತಂತ್ರ್ಯದ ನುಡಿ

ಫ್ರೆಂಚರ ಸೇಂಟ್-ಡೊಮಿಂಗ್ ವಸಾಹತಿನಲ್ಲಿ ಕ್ರಾಂತಿಯ ಹೊತ್ತಿಗೆ ಸುಮಾರು 5 ಲಕ್ಷ ಗುಲಾಮರಿದ್ದರು. ಅವರಲ್ಲಿ ಹೆಚ್ಚಿನವರು ಆಫ್ರಿಕದಲ್ಲೇ ಹುಟ್ಟಿದವರು. ಬೇರೆಬೇರೆ ನುಡಿಗಳನ್ನಾಡುತ್ತಿದ್ದ ಇವರನ್ನು ಒಂದುಗೂಡಿಸಿದ್ದು ಕ್ರಿಯೋಲ್. ಆ ನುಡಿಯ ಬಲವನ್ನು ಮೊದಲು ಗುರುತಿಸಿದವರು ಆಳುವವರು ಎಂಬುದು ಚರಿತ್ರೆಯ ವಿಚಿತ್ರ. 1793ರಲ್ಲಿ ಸೊಂತೊನಾಕ್ಸ್ ಹೊರಡಿಸಿದ ಗುಲಾಮಗಿರಿ ವಿಮೋಚನೆಯ ಘೋಷಣೆ ಕ್ರಿಯೋಲಿನಲ್ಲಿಯೂ ಅಚ್ಚಾಯಿತು. 1802ರಲ್ಲಿ ದಂಡೆತ್ತಿ ಬಂದ ಲೆಕ್ಲೆರ್ಕ್ ತಂದ ನೆಪೋಲಿಯನ್ನನ ಪ್ರಕಟಣೆಗೂ ಕ್ರಿಯೋಲ್ ರೂಪವಿತ್ತು. ಜನರನ್ನು ಒಲಿಸಿಕೊಳ್ಳಲು, ಬೆದರಿಸಲು, ನಂಬಿಸಲು ಅವರ ನುಡಿ ಬೇಕಾಗಿತ್ತು.

1804ರ ಜನವರಿ 1ರಂದು ಗೊನೈವ್ ಪಟ್ಟಣದಲ್ಲಿ ದೆಸಾಲಿನ್ ಸ್ವಾತಂತ್ರ್ಯವನ್ನು ಸಾರಿದಾಗ ಆ ಘೋಷಣೆಯನ್ನು ಬರೆದವನು ಬ್ವಾರೊಂ-ತೊನ್ನೇರ್, ಬರೆದದ್ದು ಫ್ರೆಂಚಿನಲ್ಲಿ. ನಾಡಿಗೆ ಫ್ರೆಂಚರಿಟ್ಟ ಹೆಸರನ್ನು ಕಿತ್ತೊಗೆದು ತೈನೊ ಮೂಲನಿವಾಸಿಗಳ ‘ಹೈಟಿ’ ಎಂಬ ಹೆಸರನ್ನು ಮರಳಿ ತಂದ ಘಳಿಗೆ ಅದು. ಮುಂದಿನ ವರ್ಷದ ಸಂವಿಧಾನ ಹೈಟಿಯವರೆಲ್ಲರೂ ‘ಕಪ್ಪು’ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡತಕ್ಕದ್ದೆಂದು ವಿಧಿಸಿತು. ಹೆಸರು ಬದಲಾಯಿತು, ಬಣ್ಣದ ಅರ್ಥ ಬದಲಾಯಿತು, ಬರೆಹದ ನುಡಿ ಬದಲಾಗಲಿಲ್ಲ. ಇದನ್ನು ದ್ರೋಹವೆಂದು ಕರೆಯುವುದು ಅನ್ಯಾಯ. ಹೊಸ ರಾಜ್ಯವನ್ನು ಲೋಕದ ಶಕ್ತಿಗಳು ಒಪ್ಪಿರಲಿಲ್ಲ. ಅದರ ಘೋಷಣೆಯ ಶ್ರೋತೃಗಳಲ್ಲಿ ಅರ್ಧ ಮಂದಿ ಹೊರಗಿನವರು. ಫ್ರಾನ್ಸ್ ಮಾನ್ಯತೆ ನೀಡಿದ್ದು 1825ರಲ್ಲಿ, ಅದೂ 15 ಕೋಟಿ ಫ್ರಾಂಕುಗಳ ಪರಿಹಾರವನ್ನು ಹೇರಿ. 1838ರಲ್ಲಿ ಅದು 9 ಕೋಟಿಗೆ ಇಳಿದರೂ ಸಾಲದ ಹೊರೆ ತಲೆಮಾರುಗಳವರೆಗೆ ಉಳಿಯಿತು. ಇಂತಹ ಇಕ್ಕಟ್ಟಿನಲ್ಲಿ ಹೈಟಿಯ ಲೇಖಕ ತನ್ನ ಓದುಗನನ್ನು ಸಾಗರದಾಚೆಯಲ್ಲಿ ಕಲ್ಪಿಸಿಕೊಂಡದ್ದು ಸಹಜ. ಉತ್ತರದ ಕ್ರಿಸ್ತೋಫ್ ದೊರೆಯ ಆಸ್ಥಾನದಲ್ಲಿದ್ದ ಬ್ಯಾರನ್ ದ ವಾಸ್ತೆ 1814ರಲ್ಲಿ ವಸಾಹತು ವ್ಯವಸ್ಥೆಯ ಕ್ರೌರ್ಯವನ್ನು ಬಯಲಿಗೆಳೆದು ಬರೆದ ಗ್ರಂಥವೂ ಯುರೋಪಿಗೆ ಕೊಟ್ಟ ಉತ್ತರವೇ.

ಹೊರಗಿನವರಿಗೆ ಉತ್ತರ ಕೊಡುವ ಈ ಬರೆಹದ ಶ್ರೇಷ್ಠ ಕೃತಿ ಆಂತೆನೋರ್ ಫಿರ್ಮ್ಯಾಂ 1885ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಮಾನವ ಜನಾಂಗಗಳ ಸಮಾನತೆಯ ಕುರಿತ ಗ್ರಂಥ. ಗೊಬಿನೊ ಪ್ರತಿಪಾದಿಸಿದ್ದ ಜನಾಂಗ ತಾರತಮ್ಯದ ವಾದವನ್ನು ಅದರ ಶೀರ್ಷಿಕೆಯಲ್ಲೇ ತಿರುಗಿಸಿ ನಿಲ್ಲಿಸಿದ ಕೃತಿಯಿದು. ಫಿರ್ಮ್ಯಾಂ ಸ್ವತಃ ಪ್ಯಾರಿಸಿನ ಮಾನವಶಾಸ್ತ್ರ ಸಂಘದ ಸದಸ್ಯರಾಗಿದ್ದವರು. ಆ ಕಾಲದ ತಲೆಬುರುಡೆ ಅಳೆಯುವ ಶಾಸ್ತ್ರದ ಎದುರು ಕುಳಿತು, ಅದರ ಅಂಕಿಗಳಿಂದಲೇ ಅದನ್ನು ಕೆಡವಿದ ಧೈರ್ಯ ಅಸಾಮಾನ್ಯವಾದುದು. ಆದರೆ ಈ ಪಂಥದ ರಕ್ಷಣಾವಾದಕ್ಕೆ ಒಂದು ಮಿತಿಯಿತ್ತು. ಬ್ರಿಟಿಷ್ ರಾಯಭಾರಿ ಸ್ಪೆನ್ಸರ್ ಸೇಂಟ್ ಜಾನ್ 1884ರಲ್ಲಿ ಹೈಟಿಯ ವೂಡೂ ಆಚರಣೆಗಳನ್ನು ನರಭಕ್ಷಣೆಯೊಡನೆ ಸೇರಿಸಿ ಬರೆದಾಗ, ಉತ್ತರಿಸಿದ ಹೈಟಿಯ ಲೇಖಕರು ವೂಡೂವನ್ನು ಅರ್ಥಮಾಡಿಸಲು ಹೊರಡಲಿಲ್ಲ. ಅದು ಅಳಿಯುತ್ತಿರುವ ಮೌಢ್ಯವೆಂದು ಸಮಾಧಾನ ಹೇಳಿದರು. ನಾಡಿನ ಕಾನೂನೂ ಅದೇ ದಾರಿಯಲ್ಲಿತ್ತು: 1835ರ ದಂಡಸಂಹಿತೆ ವೂಡೂವನ್ನು ಮಾಟಮಂತ್ರದ ಅಪರಾಧಗಳೊಡನೆ ಎಣಿಸಿತ್ತು. 1860ರಲ್ಲಿ ವ್ಯಾಟಿಕನ್ನಿನೊಡನೆ ಆದ ಒಪ್ಪಂದದ ಬಳಿಕ ಫ್ರಾನ್ಸಿನಿಂದ ಬಂದ ಪಾದ್ರಿಗಳು ನಡೆಸಿದ ಶಾಲೆಗಳು ನಗರದ ಉಳ್ಳವರ ಮಕ್ಕಳಿಗೆ ನಿರ್ದುಷ್ಟ ಫ್ರೆಂಚನ್ನು ಕಲಿಸಿದವು. ಹಳ್ಳಿ ಆ ಶಾಲೆಗಳ ಹೊರಗೇ ಉಳಿಯಿತು.

ಆದರೂ ಒಳಮುಖವಾದ ನೋಟ ಆಗ ಇರಲೇ ಇಲ್ಲವೆನ್ನಲಾಗದು. 1836ರ ಸುಮಾರಿಗೆ ಎಮಿಲ್ ನೊ, ಇನ್ಯಾಸ್ ನೊ ಸೋದರರ ಸುತ್ತ ನೆರೆದ ಗೆಳೆಯರ ಬಳಗ, ಹೈಟಿಯ ಸಾಹಿತ್ಯ ಫ್ರಾನ್ಸಿನ ಅನುಕರಣೆಯಾಗಬಾರದು, ಈ ನೆಲದ ನೋಟ ಮತ್ತು ಚರಿತ್ರೆಗಳಿಂದ ಬೆಳೆಯಬೇಕು ಎಂದು ವಾದಿಸಿತು. ಇನ್ಯಾಸ್ ನೊ ಅವರ ‘ಇಸಲಿನಾ’ ಎಂಬ ಕಥೆಯಲ್ಲಿ ಹಳ್ಳಿಯ ಬದುಕು, ಅಲ್ಲಿನ ನಂಬಿಕೆಗಳು ಕಾಣಿಸಿಕೊಂಡವು. ಎಮಿಲ್ ನೊ ಮುಂದೆ 1854ರಲ್ಲಿ ತೈನೊ ಅರಸರ ಚರಿತ್ರೆಯನ್ನು ಬರೆದರು. ರಾಷ್ಟ್ರದ ಬೇರನ್ನು ಅರಸುವಾಗ ಅಳಿದುಹೋದ ತೈನೊಗಳು ಅವರ ಕಣ್ಣಿಗೆ ಬಿದ್ದರು. ಹಿತ್ತಿಲಿನಲ್ಲೇ ಇದ್ದ ಆಫ್ರಿಕ ಅಷ್ಟು ಸುಲಭವಾಗಿ ಬೀಳಲಿಲ್ಲ. ಒಸ್ವಾಲ್ ದ್ಯುರಾಂ 1880ರ ದಶಕದಲ್ಲಿ ಕ್ರಿಯೋಲಿನಲ್ಲಿ ಬರೆದ ‘ಶುಕೂನ್’ ಕವನಕ್ಕೆ 1893ರಲ್ಲಿ ರಾಗ ಕೂಡಿ ಅದು ಮನೆಮಾತಾಯಿತು. ಆದರೆ ದ್ಯುರಾಂ ಅವರ ಕಾವ್ಯದ ಬಹುಭಾಗ ಫ್ರೆಂಚಿನದೇ. ಕ್ರಿಯೋಲ್ ಪ್ರೇಮಕ್ಕೆ, ವಿನೋದಕ್ಕೆ, ಹಾಡಿಗೆ ಸಲ್ಲುತ್ತಿತ್ತು. ಚಿಂತನೆಗೆ ಸಲ್ಲುವ ನುಡಿಯೆಂದು ಯಾರೂ ಎಣಿಸಿರಲಿಲ್ಲ.

ಒಂದು ಮನೆತನ

ಈ ಚರಿತ್ರೆಯನ್ನು ಒಂದೇ ಮನೆತನದ ಮೂಲಕ ಹೇಳುವುದು ಸಾಧ್ಯ. ಕವಿ, ವಕೀಲ ಜಾರ್ಜ್ ಸಿಲ್ವ್ಯಾಂ 1898ರಿಂದ 1902ರವರೆಗೆ ನಡೆದ ‘ಲಾ ರೋಂದ್’ ಪತ್ರಿಕೆಯ ಬಳಗಕ್ಕೆ ಸೇರಿದವರು. ವಿಶ್ವಾತ್ಮಕ ವಸ್ತು, ಪರಿಶುದ್ಧ ಫ್ರೆಂಚ್ ಶೈಲಿ ಆ ಬಳಗದ ಆದರ್ಶ. ಅದೇ ಸಿಲ್ವ್ಯಾಂ 1901ರಲ್ಲಿ ಲ ಫೊಂತೇನನ ನೀತಿಕಥೆಗಳನ್ನು ಕ್ರಿಯೋಲಿನಲ್ಲಿ ಪುನಾರಚಿಸಿ ‘ಕ್ರಿಕ್? ಕ್ರಾಕ್!’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹೈಟಿಯಲ್ಲಿ ಕಥೆ ಹೇಳುವವನು ‘ಕ್ರಿಕ್’ ಎಂದರೆ ಕೇಳುವವರು ‘ಕ್ರಾಕ್’ ಎನ್ನಬೇಕು. ಹೂಂಗುಟ್ಟುವವರಿಲ್ಲದೆ ಕಥೆ ಮುಂದುವರಿಯದು. ಫ್ರೆಂಚ್ ಶಾಲೆಯ ಪಠ್ಯವನ್ನು ಹೈಟಿಯ ಕಥೆಗಾರನ ಬಾಯಿಗೆ ಇಟ್ಟ ಈ ಪ್ರಯೋಗವನ್ನು ಕೇವಲ ವಿನೋದವೆಂದು ತಳ್ಳಿಹಾಕಲಾಗದು.

1915ರ ಜುಲೈ 28ರಂದು ಅಮೆರಿಕದ ನೌಕಾಪಡೆ ಇಳಿಯಿತು, 1934ರ ಆಗಸ್ಟಿನವರೆಗೆ ಉಳಿಯಿತು. ರೈತರನ್ನು ಬಿಟ್ಟಿ ದುಡಿಮೆಗೆ ಹಿಡಿದು ರಸ್ತೆ ಹಾಕಿಸಿದ್ದು, ಎದುರಿಸಿ ನಿಂತ ಶಾರ್ಲ್‌ಮಾಞ್ ಪೆರಾಲ್ತ್‌ನನ್ನು 1919ರಲ್ಲಿ ಕೊಂದದ್ದು ಪ್ರಸಿದ್ಧ ಸಂಗತಿಗಳು. ಬುದ್ಧಿಜೀವಿಗಳಿಗೆ ತಟ್ಟಿದ ಪೆಟ್ಟು ಬೇರೆ ಬಗೆಯದು. ಅಮೆರಿಕದ ದಕ್ಷಿಣ ರಾಜ್ಯಗಳ ವರ್ಣಭೇದವನ್ನು ಜೊತೆಗೆ ತಂದ ಸೈನಿಕನ ಕಣ್ಣಿಗೆ ಪ್ಯಾರಿಸಿನಲ್ಲಿ ಓದಿದ ತಿಳಿಬಣ್ಣದ ವಕೀಲನಿಗೂ ಬರಿಗಾಲಿನ ರೈತನಿಗೂ ಭೇದ ಕಾಣಲಿಲ್ಲ. ಒಂದು ಶತಮಾನದ ಫ್ರೆಂಚ್ ವಿದ್ಯೆ ಒಂದು ದಿನದಲ್ಲಿ ಬೆಲೆ ಕಳೆದುಕೊಂಡಿತು. ಆಕ್ರಮಣದ ವಿರುದ್ಧ ‘ದೇಶಭಕ್ತ ಒಕ್ಕೂಟ’ವನ್ನು ಕಟ್ಟಿ ಮುನ್ನಡೆಸಿದವರು ಇದೇ ಜಾರ್ಜ್ ಸಿಲ್ವ್ಯಾಂ. ಅವರ ಮಗ ನೊರ್ಮಿಲ್ 1927ರಲ್ಲಿ ‘ಲಾ ರೆವ್ಯು ಆಂದಿಜೆನ್’ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾದರು. ಮಗಳು ಸುಝಾನ್ 1936ರಲ್ಲಿ ಕ್ರಿಯೋಲಿನ ಆಕೃತಿಮಾ ಮತ್ತು ವಾಕ್ಯರಚನೆಯ ಕುರಿತು ಗ್ರಂಥ ಬರೆದರು. ತಂದೆಯದು ಅನುವಾದ, ಮಗನದು ಪತ್ರಿಕೆ, ಮಗಳದು ವ್ಯಾಕರಣ. ಸಾಹಿತ್ಯ ಚರಿತ್ರೆಗಳಲ್ಲಿ ಮಗನಿಗೆ ದೊರೆತ ಜಾಗ ಮಗಳಿಗೆ ದೊರೆತಿಲ್ಲ. ನನ್ನ ಎಣಿಕೆಯಲ್ಲಿ ಮೂವರಲ್ಲಿ ಹೆಚ್ಚು ದೂರ ನಡೆದವಳು ಅವಳೇ.

ಇಲ್ಲಿ ‘ಆಂದಿಜೆನ್’ ಎಂಬ ಪದದ ಮೇಲೆ ಕ್ಷಣಕಾಲ ನಿಲ್ಲಬೇಕು. ಫ್ರೆಂಚ್ ಸಾಮ್ರಾಜ್ಯದ ಆಡಳಿತಭಾಷೆಯಲ್ಲಿ ಅದು ಹಕ್ಕುಗಳಿಲ್ಲದ ಸ್ಥಳೀಯ ಪ್ರಜೆಯನ್ನು ಸೂಚಿಸುವ ಪದ. ಅಲ್ಜೀರಿಯದಲ್ಲಿ ಅದೇ ಹೆಸರಿನ ದಂಡನಾ ನಿಯಮಾವಳಿಯೇ ಇತ್ತು. ಹೈಟಿಯಲ್ಲಾದರೋ 1803ರಲ್ಲಿ ಫ್ರೆಂಚರನ್ನು ಸೋಲಿಸಿದ ದೆಸಾಲಿನ್‌ನ ಸೇನೆ ತನ್ನನ್ನು ಈ ಪದದಿಂದಲೇ ಕರೆದುಕೊಂಡಿತ್ತು. ಪತ್ರಿಕೆಯ ತರುಣರಾದ ಎಮಿಲ್ ರೂಮೆರ್, ಜಾಕ್ ರೂಮ್ಯಾಂ, ಕಾರ್ಲ್ ಬ್ರುವಾರ್, ಫಿಲಿಪ್ ತೊಬಿ-ಮಾರ್ಸೆಲ್ಯಾಂ ಮೊದಲಾದವರು ಈ ಎರಡನೆಯ ನೆನಪನ್ನು ಎತ್ತಿಕೊಂಡರು. ಕನ್ನಡದಲ್ಲಿ ಇದನ್ನು ‘ದೇಸಿ’ ಎಂದು ಅನುವಾದಿಸುವ ಆಸೆಯಾಗುತ್ತದೆ. ಹಾಗೆ ಮಾಡದಿರುವುದು ಲೇಸು. ಮಾರ್ಗ-ದೇಸಿಗಳ ಚರ್ಚೆ ಒಂದೇ ನುಡಿಯೊಳಗಿನ ಎರಡು ನಡೆಗಳ ಚರ್ಚೆ. ‘ಆಂದಿಜೆನ್’ ತರುಣರ ದೇಸಿಯ ಹಂಬಲ ಪರನುಡಿಯೊಳಗೇ ಉಳಿಯಿತು. ಅವರು ಛಂದಸ್ಸನ್ನು ಮುರಿದರು, ಡೋಲಿನ ಲಯವನ್ನೂ ವೂಡೂ ದೈವಗಳ ಹೆಸರನ್ನೂ ತಂದರು. ಪತ್ರಿಕೆ 1928ರ ಆರಂಭದಲ್ಲಿ ನಿಂತಿತು. ಒಂದು ವರ್ಷವೂ ತುಂಬಿರಲಿಲ್ಲ.

ಹೀಗೆಂದ ‘ಓಂಕ್ಲ್’

ಪ್ರೈಸ್-ಮಾರ್ಸ್ 1876ರಲ್ಲಿ ಉತ್ತರದ ಗ್ರಾಂದ್-ರಿವಿಯೇರ್-ದ್ಯು-ನೋರ್ ಎಂಬಲ್ಲಿ ಹುಟ್ಟಿದವರು. ವೈದ್ಯರು, ಶಿಕ್ಷಣಾಧಿಕಾರಿ, ರಾಜತಂತ್ರಜ್ಞರು. 1904ರಲ್ಲಿ ಅಮೆರಿಕಕ್ಕೆ ಹೋದಾಗ ಟಸ್ಕೀಗಿಯಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರನ್ನು ಕಂಡವರು. 1919ರ ಅವರ ಉಪನ್ಯಾಸ ಸಂಗ್ರಹ ಸುಶಿಕ್ಷಿತ ವರ್ಗದ ಹೊಣೆಯ ಕುರಿತಾದುದು. ಪರಕೀಯರು ಬಂದದ್ದಕ್ಕೆ ಈ ವರ್ಗ ಜನರಿಂದ ದೂರವಾದದ್ದೂ ಕಾರಣವೆಂಬ ಕಹಿಮಾತು ಅದರಲ್ಲಿದೆ. 1928ರಲ್ಲಿ ‘ಐಂಸಿ ಪಾರ್ಲಾ ಲೋಂಕ್ಲ್’ ಪ್ರಕಟವಾಯಿತು. ನೀತ್ಸೆಯ ಝರತುಷ್ಟ್ರನನ್ನು ನೆನಪಿಸುವ ಈ ಶೀರ್ಷಿಕೆಯನ್ನು ಕನ್ನಡಕ್ಕೆ ತರಹೊರಟರೆ ನಮ್ಮ ಬಂಧುವಾಚಕಗಳು ಅಡ್ಡಬರುತ್ತವೆ. ‘ಓಂಕ್ಲ್’ ಸೋದರಮಾವನೋ ಚಿಕ್ಕಪ್ಪನೋ ದೊಡ್ಡಪ್ಪನೋ? ಆತ ಮೂವರೂ ಅಲ್ಲ. ಊರಿನ ಹಿರಿಯ ಗಂಡಸನ್ನು ಗೌರವದಿಂದ ‘ತೊಂತೊಂ’ ಎನ್ನುವ ವಾಡಿಕೆಯ ಫ್ರೆಂಚ್ ರೂಪ ಆತ, ಸಂಜೆ ಜಗಲಿಯಲ್ಲಿ ಕುಳಿತು ಕಥೆ ಹೇಳುವ ಮುದುಕ.

ಗ್ರಂಥದ ಮುಖ್ಯ ಆರೋಪ ‘ಸಾಮೂಹಿಕ ಬೊವಾರಿತನ’. ಫ್ಲೊಬೇರನ ಮದಾಂ ಬೊವಾರಿಯ ಹೆಸರಿನಿಂದ ಜೂಲ್ ದ ಗೋತಿಯೆ ರೂಪಿಸಿದ ಪರಿಕಲ್ಪನೆಯಿದು. ತಾನಲ್ಲದ್ದನ್ನು ತಾನೆಂದು ಭಾವಿಸಿಕೊಳ್ಳುವ ಮನೋಧರ್ಮ. ಹೈಟಿಯ ಗಣ್ಯರು ತಮ್ಮನ್ನು ಬಣ್ಣದ ಫ್ರೆಂಚರೆಂದು ತಿಳಿದು, ಕೇವಲ ಹೈಟಿಯವರಾಗುವುದನ್ನು ಮರೆತರು ಎಂಬುದು ಪ್ರೈಸ್-ಮಾರ್ಸ್ ಅವರ ವಾದದ ತಿರುಳು. ಬಳಿಕ ಅವರು ಬೂಕಿ ಮತ್ತು ತಿ ಮಾಲಿಸರ ಕಥೆಗಳನ್ನು, ಗಾದೆಗಳನ್ನು, ವೂಡೂವನ್ನು ಶಾಸ್ತ್ರೀಯ ಗಾಂಭೀರ್ಯದಿಂದ ಚರ್ಚೆಗೆತ್ತಿಕೊಳ್ಳುತ್ತಾರೆ. ವೂಡೂ ಒಂದು ಧರ್ಮ, ಅದಕ್ಕೆ ತನ್ನದೇ ದೈವಮಂಡಲ, ಆಚಾರ, ನೀತಿಗಳಿವೆ ಎಂದು ಅವರು ಹೇಳಿದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಆಫ್ರಿಕದ ಬಗ್ಗೆ ಅವರಿಗೆ ಆಧಾರವಾದದ್ದು ಮೊರೀಸ್ ದೆಲಫೋಸ್ ಅವರಂತಹ ಫ್ರೆಂಚ್ ವಸಾಹತು ಅಧಿಕಾರಿಗಳ ಜನಾಂಗ ವಿವರಣೆಗಳು. ತಾಯ್ನೆಲವನ್ನು ತಲುಪಲು ಪ್ಯಾರಿಸಿನ ಗ್ರಂಥಾಲಯದ ದಾರಿಯೊಂದೇ ತೆರೆದಿತ್ತು.

ಕ್ರಿಯೋಲಿನ ಬಗ್ಗೆ ಈ ಗ್ರಂಥ ಏನೆನ್ನುತ್ತದೆ? ಒಡೆಯರೂ ಗುಲಾಮರೂ ಪರಸ್ಪರ ಮಾತಾಡಬೇಕಾದ ಅಗತ್ಯದಿಂದ ಹುಟ್ಟಿದ ಸಾಮೂಹಿಕ ಸೃಷ್ಟಿ ಅದು. ಗಣ್ಯರನ್ನೂ ಜನರನ್ನೂ ಬೇರ್ಪಡಿಸಿರುವ ಕಂದಕವನ್ನು ಮುಂದೊಂದು ದಿನ ಅದೇ ತುಂಬೀತು ಎಂಬ ಭರವಸೆ ಪ್ರೈಸ್-ಮಾರ್ಸ್ ಅವರದು. ಭರವಸೆ ಇದೆ, ಕಾರ್ಯಕ್ರಮವಿಲ್ಲ. ಕ್ರಿಯೋಲಿನಲ್ಲಿ ಬರೆಯಬೇಕು, ಕಲಿಸಬೇಕು ಎಂಬ ಹಕ್ಕೊತ್ತಾಯ ಗ್ರಂಥದ ಕೇಂದ್ರದಲ್ಲಿಲ್ಲ.

ಇದಕ್ಕೆ ಕಾರಣವನ್ನು 1918ರಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಆಕ್ರಮಣಕಾರರ ನೆರಳಿನಲ್ಲಿ ರೂಪುಗೊಂಡ ಆ ವರ್ಷದ ಸಂವಿಧಾನ ಪರದೇಶಿಯರಿಗೆ ಭೂಮಿಯ ಒಡೆತನವನ್ನು ತೆರೆದುಕೊಟ್ಟಿತು. ಹೈಟಿಯ ಸಂವಿಧಾನಗಳಲ್ಲಿ ಫ್ರೆಂಚನ್ನು ಅಧಿಕೃತ ಭಾಷೆಯೆಂದು ಮೊದಲಬಾರಿಗೆ ಘೋಷಿಸಿದ್ದೂ ಅದೇ. ನೂರಕ್ಕೂ ಹೆಚ್ಚು ವರ್ಷ ಹೇಳದೆಯೇ ನಡೆದಿದ್ದನ್ನು ಆಗ ಹೇಳಬೇಕಾಯಿತು, ಏಕೆಂದರೆ ಇಂಗ್ಲಿಷ್ ಬಾಗಿಲಲ್ಲಿ ನಿಂತಿತ್ತು. ಅಮೆರಿಕನ್ನರ ವ್ಯಾವಹಾರಿಕ ಶಿಕ್ಷಣ ನೀತಿಯ ಎದುರು ಫ್ರೆಂಚ್ ವಿದ್ಯೆಯ ರಕ್ಷಣೆ ದೇಶಭಕ್ತಿಯ ಕಾರ್ಯವಾಯಿತು. ಹೈಟಿ ಫ್ರೆಂಚ್ ಸಂಸ್ಕೃತಿಯ ಉತ್ತರಾಧಿಕಾರಿ ಎಂದು ದಾಂತೆಸ್ ಬೆಲ್‌ಗಾರ್ದ್ ಕೊನೆಯವರೆಗೂ ವಾದಿಸಿದರು. ಅವರೂ ಆಕ್ರಮಣದ ವಿರೋಧಿಯೇ. ಹೀಗೆ ಒಂದೇ ಹೋರಾಟದೊಳಗೆ ಸಂಸ್ಕೃತಿಯ ದಾರಿ ಹಳ್ಳಿಯ ಕಡೆಗೂ ನುಡಿಯ ದಾರಿ ಪ್ಯಾರಿಸಿನ ಕಡೆಗೂ ಹೊರಳಿದವು. ಜನಪದವನ್ನು ಎತ್ತಿಹಿಡಿದವರು ಜನರ ನುಡಿಯನ್ನು ಎತ್ತಿಹಿಡಿಯದಿದ್ದುದಕ್ಕೆ ವರ್ಗಾಭಿಮಾನವೊಂದೇ ಕಾರಣವಲ್ಲ. ಪರಕೀಯನ ಎದುರು ಕೈಗೆ ಸಿಕ್ಕ ಗುರಾಣಿ ಫ್ರೆಂಚ್ ಆಗಿತ್ತು.

1936ರ ಎರಡು ವ್ಯಾಕರಣಗಳು

ವಾದ ನುಡಿಯ ಅಂಗಳಕ್ಕೆ ಇಳಿದದ್ದು ಆಕ್ರಮಣ ಮುಗಿದ ಮೇಲೆ. ಜೂಲ್ ಫೆನ್ ಅವರ ‘ಫಿಲೊಲೊಜಿ ಕ್ರಿಯೋಲ್’ ಮತ್ತು ಸುಝಾನ್ ಸಿಲ್ವ್ಯಾಂ ಅವರ ಗ್ರಂಥ 1936ರಲ್ಲಿ ಒಟ್ಟೊಟ್ಟಿಗೆ ಹೊರಬಂದವು. ಫೆನ್ ಅವರಿಗೆ ಕ್ರಿಯೋಲ್ ಒಂದು ನವ-ರೊಮಾನ್ಸ್ ನುಡಿ, ನಾರ್ಮಂಡಿ ಮೊದಲಾದ ಪ್ರಾಂತಗಳ ಉಪಭಾಷೆಗಳಿಂದ ಇಳಿದು ಬಂದದ್ದು. ಸುಝಾನ್ ಕ್ರಿಯೋಲಿನ ಒಂದೊಂದು ರಚನೆಯನ್ನೂ ಫ್ರೆಂಚ್ ಉಪಭಾಷೆಗಳ ಜೊತೆಗೂ ಪಶ್ಚಿಮ ಆಫ್ರಿಕದ ನುಡಿಗಳ ಜೊತೆಗೂ ಹೋಲಿಸಿ, ಪದಕೋಶ ಫ್ರೆಂಚಿನದು, ವಾಕ್ಯದ ಕಟ್ಟು ಎವೆ ನುಡಿಯದು ಎಂಬ ನಿರ್ಣಯಕ್ಕೆ ಬಂದರು.

ಒಂದು ಸಣ್ಣ ಉದಾಹರಣೆ ಸಾಕು. ಕ್ರಿಯೋಲಿನಲ್ಲಿ ‘ಲಿವ್ ಲಾ’ ಎಂದರೆ ಆ ಪುಸ್ತಕ, ‘ಲಿವ್ ಯೊ’ ಎಂದರೆ ಪುಸ್ತಕಗಳು. ನಿರ್ದೇಶಕವೂ ಬಹುವಚನ ಸೂಚಕವೂ ನಾಮಪದದ ಬಳಿಕ ಬರುತ್ತವೆ. ‘ಯೊ’ ಎಂಬುದೇ ‘ಅವರು’ ಎಂಬ ಸರ್ವನಾಮವೂ ಹೌದು. ಎವೆಯಲ್ಲಿಯೂ ನಿರ್ದೇಶಕ ‘ಲಾ’. ಅದೂ ನಾಮಪದದ ಬಳಿಕವೇ ಬರುತ್ತದೆ. ಬಹುವಚನ ಸೂಚಕ ‘ವೊ’, ಅದೇ ‘ಅವರು’ ಎಂಬ ಸರ್ವನಾಮವೂ. ಆದರೆ ಫ್ರೆಂಚ್ ಆಡುಮಾತಿನಲ್ಲಿಯೂ ‘ಸ ಲಿವ್ರ್ ಲಾ’ ಎನ್ನುವಾಗ ‘ಲಾ’ ಕೊನೆಗೆ ನಿಲ್ಲುತ್ತದೆ. ‘ಯೊ’ ಎಂಬುದನ್ನು ಫ್ರೆಂಚಿನ ‘ಎ’ (ಅವರು) ಎಂಬ ಸರ್ವನಾಮದಿಂದ ಹುಟ್ಟಿಸುವುದೂ ಸಾಧ್ಯ. ಒಂದೇ ಆಕೃತಿಮಾದ ಎರಡು ಪಕ್ಕಗಳಲ್ಲಿ ಎರಡು ವಂಶಾವಳಿಗಳು ನಿಂತಿವೆ. ಧ್ವನಿ ಫ್ರೆಂಚಿನತ್ತ ಕೈಮಾಡಿದರೆ ಕಾರ್ಯವ್ಯಾಪ್ತಿ ಎವೆಯತ್ತ ಕೈಮಾಡುತ್ತದೆ. ಕ್ಲೇರ್ ಲೆಫೆವ್ರ್ ಫೊಂಗ್ಬೆ ನುಡಿಯನ್ನು ಆಧರಿಸಿ ಬೆಳೆಸಿದ ಪುನರ್‌ಪದೀಕರಣ ಸಿದ್ಧಾಂತವೂ, ಕ್ರಿಯೋಲುಗಳು ಉಳಿದ ನುಡಿಗಳಿಗಿಂತ ಬೇರೆ ಜಾತಿಯವೆಂಬ ಎಣಿಕೆಯನ್ನೇ ಪ್ರಶ್ನಿಸುವ ಮಿಷೆಲ್ ದೆಗ್ರಾಫ್ ಅವರ ಬರೆಹಗಳೂ ಇದೇ ಹಳೆಯ ಕಣದಲ್ಲಿ ನಿಂತಿವೆ. ಸುಝಾನ್ ಅವರ ನಿರ್ಣಯ ಇಂದು ಆ ರೂಪದಲ್ಲಿ ನಿಲ್ಲಲಾರದು. ಒಂದು ನುಡಿಯನ್ನು ಹೀಗೆ ಎರಡಾಗಿ ಸೀಳಿ ಹಂಚುವುದು ಕಷ್ಟ. ಆದರೆ ಪ್ರೈಸ್-ಮಾರ್ಸ್ ದೈವಗಳಲ್ಲಿ ಹುಡುಕಿದ ಆಫ್ರಿಕವನ್ನು ಅವರು ಪದಗಳ ಅನುಕ್ರಮದಲ್ಲಿ ತೋರಿಸಿದರು. ಅದು ಪರೀಕ್ಷಿಸಬಹುದಾದ ಮಾತು, ತಪ್ಪೆಂದು ತೋರಿಸಬಹುದಾದ ಮಾತು.

ಅದೇ ಕಾಲದ ಇನ್ನೊಂದು ಕವಲಿಗೆ ಈ ಗುಣವಿರಲಿಲ್ಲ. 1938ರಲ್ಲಿ ಆರಂಭವಾದ ‘ಲೆ ಗ್ರಿಯೊ’ ಪತ್ರಿಕೆಯಲ್ಲಿ ಲೊರಿಮೆರ್ ದೆನಿ, ಫ್ರಾಂಸ್ವಾ ದ್ಯುವಾಲಿಯೆ ಮೊದಲಾದವರು ಸಂಸ್ಕೃತಿಯ ಪ್ರಶ್ನೆಯನ್ನು ರಕ್ತದ, ಜನಾಂಗ ಮನೋಧರ್ಮದ ಪ್ರಶ್ನೆಯಾಗಿಸಿದರು. ರೂಮ್ಯಾಂ ಅದಕ್ಕೆ ವಿರುದ್ಧ ದಿಕ್ಕಿಗೆ ನಡೆದು 1934ರಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ಮರಣಾನಂತರ 1944ರಲ್ಲಿ ಪ್ರಕಟವಾದ ಅವರ ಕಾದಂಬರಿಯ ಫ್ರೆಂಚಿನೊಳಗೆ ಕ್ರಿಯೋಲಿನ ವಾಕ್ಯಲಯ ಹರಿಯುತ್ತದೆ. ದ್ಯುವಾಲಿಯೆ 1957ರಲ್ಲಿ ಅಧ್ಯಕ್ಷರಾದರು. ಅವರ ಖಾಸಗಿ ಪಡೆಯನ್ನು ಜನ ಕರೆದದ್ದು ‘ತೊಂತೊಂ ಮಕೂತ್’ ಎಂದು: ಹಟಮಾರಿ ಮಕ್ಕಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುವ, ನಮ್ಮ ಗುಮ್ಮನಂತಹ ಕಥೆಯ ಪಾತ್ರ. 1928ರ ‘ಓಂಕ್ಲ್’ ಮತ್ತು ಈ ‘ತೊಂತೊಂ’ ಒಂದೇ ಜಗಲಿಯಿಂದ ಎದ್ದುಬಂದವರು. 1967ರಲ್ಲಿ ತೊಂಬತ್ತು ದಾಟಿದ ಪ್ರೈಸ್-ಮಾರ್ಸ್ ಬಹಿರಂಗ ಪತ್ರವೊಂದನ್ನು ಪ್ರಕಟಿಸಿ, ಹೈಟಿಯ ಸಾಮಾಜಿಕ ಪ್ರಶ್ನೆಯನ್ನು ಬಣ್ಣದ ಪ್ರಶ್ನೆಯೆಂದು ಸಾಧಿಸಹೊರಟವರನ್ನು ವಿರೋಧಿಸಿದರು. ದ್ಯುವಾಲಿಯೆ ಅಧಿಕಾರದಲ್ಲಿದ್ದಾಗ, ಹೈಟಿಯೊಳಗೇ ಇದ್ದು ಬರೆದ ಪತ್ರವದು.

ನುಡಿಯ ಕಥೆ ಬೇರೆ ದಾರಿಯಲ್ಲಿ ಸಾಗಿತು. 1940ರ ದಶಕದ ಆರಂಭದಲ್ಲಿ ಮೆಥಡಿಸ್ಟ್ ಪಾದ್ರಿ ಆರ್ಮಂಡ್ ಮೆಕ್‌ಕಾನೆಲ್, ಸಾಕ್ಷರತಾ ತಜ್ಞ ಫ್ರಾಂಕ್ ಲೌಬಾಕ್ ಅವರ ನೆರವಿನಿಂದ, ಧ್ವನಿಮಾಗಳಿಗೆ ಅನುಗುಣವಾದ ಬರೆಹ ಕ್ರಮವೊಂದನ್ನು ಕ್ರಿಯೋಲಿಗೆ ರೂಪಿಸಿದರು. ಅದರಲ್ಲಿದ್ದ ಕೆ, ಡಬ್ಲ್ಯು, ವೈ ಅಕ್ಷರಗಳನ್ನು ಕಂಡು ಹಲವು ವಿದ್ಯಾವಂತರು ಕೆರಳಿದರು. ಅವು ಆಂಗ್ಲೋ-ಸ್ಯಾಕ್ಸನ್ ಅಕ್ಷರಗಳು, ಅಮೆರಿಕನ್ನರ ಹಿತ್ತಿಲ ಬಾಗಿಲು ಎಂಬುದು ದೂರು. ಶಾರ್ಲ್-ಫೆರ್ನಾಂದ್ ಪ್ರೆಸ್ವಾರ್ ಅನುನಾಸಿಕ ಸ್ವರಗಳ ಬರೆಹವನ್ನು ಫ್ರೆಂಚ್ ಪದ್ಧತಿಗೆ ಹತ್ತಿರ ತಂದು ತಿದ್ದಿದರು. 1979ರಲ್ಲಿ ಶಾಲೆಗಳಲ್ಲಿ ಕ್ರಿಯೋಲಿನ ಬಳಕೆಗೆ ಕಾನೂನಿನ ಒಪ್ಪಿಗೆ ದೊರೆತಾಗ ಸ್ಥಿರಗೊಂಡ ಬರೆಹ ಕ್ರಮದಲ್ಲಿ ಆ ಮೂರು ಅಕ್ಷರಗಳೂ ಉಳಿದವು. 1987ರ ಸಂವಿಧಾನ ಹೈಟಿಯವರೆಲ್ಲರನ್ನೂ ಒಂದುಗೂಡಿಸುವ ಸಮಾನ ನುಡಿ ಕ್ರಿಯೋಲ್ ಎಂದು ಹೇಳಿ, ಅದನ್ನು ಫ್ರೆಂಚಿನೊಡನೆ ಅಧಿಕೃತ ಭಾಷೆಯಾಗಿಸಿತು. ಅಲ್ಲಿ ಆ ನುಡಿಯ ಹೆಸರು ಕೆ ಅಕ್ಷರದಿಂದ ಆರಂಭವಾಗುತ್ತದೆ, ನಡುವೆ ವೈ ಅಕ್ಷರವಿದೆ; ಫ್ರೆಂಚರು ಅದನ್ನು ಸಿ ಅಕ್ಷರದಿಂದ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿ ‘ಕ್ರಿಯೋಲ್’ ಎಂದು ಬರೆದಾಗ ಆ ಜಗಳ ಕಾಣುವುದಿಲ್ಲ.